ಬರೆದಷ್ಟೂ ಬೆಳೆಯುವ ಡಬ್ಬಿ

ನನಗೆ ಎರಡು ಅಂಗಿ ತೋರಿಸಿದರೆ ಆ ದಿನ ಹೋಯಿತೆಂದೇ ಲೆಕ್ಕ. ಒಂದೇ ತೋರಿಸಿದರೆ ತೊಟ್ಟುಕೊಂಡು ಬಂದುಬಿಡುತ್ತೇನೆ. ನಮ್ಮ ನಿಶ್ಚಿತಾರ್ಥಕ್ಕೆ ಸೀರೆ ತರಲೆಂದು ಗದ್ವಾಲಕ್ಕೆ ಹೋದವನು ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ನಮ್ಮೂರು ಮಕ್ತಲ್‌ಗೆ ಮರಳಿದ್ದೆ. ಅಲ್ಲಿಯ ಸೀರೆಗೆ ಒಡಲು ಹತ್ತಿ, ಅಂಚು ರೇಷ್ಮೆ. ಒಡಲು ಹಿಡಿಸಿದರೆ ಅಂಚು ಒಪ್ಪದು, ಅಂಚು ಒಪ್ಪಿದರೆ ಸೆರಗು ಬೇಡವೆನಿಸುವುದು. ಕೊನೆಗೆ ಅಂಗಡಿಯವನೇ ಕನಿಕರಪಟ್ಟು ಚಹಾ ಕುಡಿಸಿ ಬಸ್ ಹತ್ತಿಸಿದ. ಮರುದಿನ ಅತ್ತಿಗೆ ಹೋಗಿ ಕಣ್ಣಿಗೆ ಬಿದ್ದ ಮೊದಲ ಸೀರೆಯನ್ನೇ ತಂದಳು. ನನ್ನ ಹೆಂಡತಿ ಮಹಾದೇವಿ ಅದನ್ನು ಇವತ್ತಿಗೂ ಹಬ್ಬಕ್ಕೆ ಉಡುತ್ತಾಳೆ.

ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ವೆಬ್‌ಸೈಟ್ ಕಟ್ಟುವ ಕೆಲಸ. ಈ ಕಸುಬಿನಲ್ಲಿ ಗೋಡೆಗಿಂತ ಬಾಗಿಲು ಕಿಟಕಿಗಳ ಚಿಂತೆ ಹೆಚ್ಚು. ಒತ್ತುವ ಬಟನ್ನು, ಜಾರುವ ಪಟ್ಟಿ, ಹೆಸರು ಬರೆಯುವ ಖಾಲಿ ಚೌಕ, ಇವನ್ನೆಲ್ಲ ನಾವು ಕೂತು ಕೆತ್ತುವುದಿಲ್ಲ. ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿರುತ್ತಾರೆ. ಆ ಸಿದ್ಧ ಗಂಟಿಗೆ ಕಾಂಪೊನೆಂಟ್ ಲೈಬ್ರರಿ ಎನ್ನುತ್ತಾರೆ. ಒಂದನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಂಕಟವೆಂದರೆ, ಆರಿಸಿಕೊಳ್ಳಬೇಕು.

ಬೇರೆಯವರ ಕೆಲಸವಾದರೆ ಹೇಗೋ ನಡೆಯುತ್ತದೆ. ಈ ಸಲ ಗಿರಾಕಿ ಮನೆಯೊಳಗೇ ಇದ್ದಳು. ಮಹಾದೇವಿ ಸಜ್ಜೆರೊಟ್ಟಿ, ಅದಕ್ಕೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. ಆರ್ಡರುಗಳೆಲ್ಲ ಫೋನಿನಲ್ಲಿ. ಫೋನು ರಿಂಗಾಗುವ ಹೊತ್ತಿಗೆ ಸರಿಯಾಗಿ ಅವಳ ಎರಡೂ ಕೈ ಹಿಟ್ಟಿನಲ್ಲಿರುತ್ತವೆ. ನಾನು ಓಡಿ ಬಂದು ಅವಳ ಕಿವಿಗೆ ಫೋನು ಹಿಡಿಯಬೇಕು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿರಬೇಕು. ಹೋದ ವರ್ಷ ಸಂಕ್ರಾಂತಿಯ ಮುನ್ನಾದಿನ, ಭೋಗಿಗೆ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬೇಕೆಂದು ಕರೆದ ಎಷ್ಟೋ ಮನೆಯವರು, ಯಾರೂ ಎತ್ತಲಿಲ್ಲವೆಂದು ಬೇರೆ ಕಡೆ ಕೊಂಡುಬಿಟ್ಟರು. ಈ ವರ್ಷವೂ ಹಾಗಾದರೆ ಒಲೆ ಆರಿಸಿ ಕೂಡುವುದೇ ವಾಸಿ ಎಂದು ಅವಳು ಹೇಳಿಬಿಟ್ಟಿದ್ದಳು. ಅದನ್ನು ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಹಿಟ್ಟು ನಾದುತ್ತಾ ಮೆಲ್ಲಗೆ ಹೇಳಿದ್ದಳು.

ಭೋಗಿಯೊಳಗೆ ವೆಬ್‌ಸೈಟ್ ಮಾಡಿಕೊಡುತ್ತೇನೆಂದು ಮಾತು ಕೊಟ್ಟು ಲೈಬ್ರರಿ ಹುಡುಕಲು ಕೂತೆ. ಒಂದರ ಬಟನ್ನುಗಳು ಮುದ್ದಾಗಿದ್ದವು, ಆದರೆ ಪುಟವೆಲ್ಲ ಬ್ಯಾಂಕಿನಂತೆ ಗಂಭೀರ. ಇನ್ನೊಂದು ಎಷ್ಟು ಭಾರವೆಂದರೆ ದಾಮರಗಿದ್ದದಂಥ ಹಳ್ಳಿಯ ಸಿಗ್ನಲ್ಲಿನಲ್ಲಿ ತೆರೆಯುವಷ್ಟರಲ್ಲಿ ಊಟದ ಹೊತ್ತೇ ಮೀರಬಹುದು. ಮತ್ತೊಂದು ‘ರೊಟ್ಟಿ’ ಎಂದು ಬರೆದರೆ ಒತ್ತಕ್ಷರದ ಕಾಲು ಕತ್ತರಿಸಿ ಕೂರಿಸುತ್ತಿತ್ತು. ಬಹುಪಾಲು ಮಾತ್ರ ಬಣ್ಣದಲ್ಲಷ್ಟೇ ಬೇರೆ. ತೆಲಂಗಾಣ ರಾಜ್ಯ ಬಂದಾಗ ನಮ್ಮ ಕಡೆಯ ಸರ್ಕಾರಿ ಕಚೇರಿಗಳ ಬೋರ್ಡುಗಳು ಬದಲಾದವು, ನಾರಾಯಣಪೇಟೆ ಜಿಲ್ಲೆಯಾದಾಗ ಮತ್ತೊಮ್ಮೆ ಬದಲಾದವು. ಒಳಗೆ ಹೋದರೆ ಅದೇ ಅಲುಗಾಡುವ ಬೆಂಚು, ಅರ್ಜಿಗೆ ನಿಜಾಮರ ಕಾಲದ ಅದೇ ‘ದರಖಾಸ್ತು’ ಎಂಬ ಹೆಸರು. ಇದೆಲ್ಲ ಗೊತ್ತಿದ್ದೂ ಬೋರ್ಡಿನ ಬಣ್ಣ ಹೋಲಿಸುತ್ತಾ ನಾನು ಕಾರ್ತಿಕ ಕಳೆದೆ. ಅಡುಗೆಮನೆಯಿಂದ ಏನೇನೋ ಮಾತು ಬರುತ್ತಿತ್ತು, ನಾನು ಹೂಂ ಎನ್ನುತ್ತಿದ್ದೆ.

ಕೊನೆಗೆ ಒಂದು ಮಾದರಿ ತೋರಿಸಿದೆ. ಚಂದದ ರೊಟ್ಟಿಯ ಚಿತ್ರ, ಪಕ್ಕದಲ್ಲಿ ಎಷ್ಟು ಬೇಕೆಂದು ಏರಿಸುವ ಇಳಿಸುವ ಪುಟ್ಟ ಬಟನ್ನು. ಮಹಾದೇವಿ ಅದನ್ನು ಒತ್ತಿ ನೋಡಿದಳು.

“ಎಷ್ಟು ಬೇಕಂತ ಅವರಿಗೇನ್ ಗೊತ್ತಿರ್ತೈತ್ರೀ?” ಎಂದಳು. “ಉಣ್ಣೋರು ಯಾರಂತ ಹೇಳಾಕ ಜಾಗಾ ಎಲ್ಲೈತಿ?”

ಆಗ ನೆನಪಾಯಿತು. ಅವಳ ಗಿರಾಕಿಗಳು ಯಾರೂ ಲೆಕ್ಕ ಹೇಳುವವರಲ್ಲ. ಧರೂರಿನ ಹೆಣ್ಣುಮಗಳು ನಾಟಿಗೆ ಆಳು ಬರುತ್ತಾರೆಂದು ಹೇಳುತ್ತಾಳೆ. ನಾರಾಯಣಪೇಟೆಯ ಸೊಸೆ ಮಾವನವರಿಗೆ ಹೊಸ ಹಲ್ಲು ಕಟ್ಟಿಸಿದ್ದನ್ನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ವಿವರಿಸುತ್ತಾಳೆ. ಎಲ್ಲ ಕೇಳಿ, ಎಷ್ಟು ರೊಟ್ಟಿ, ಎಷ್ಟು ತೆಳು, ಎಷ್ಟು ಖಡಕ್ ಎಂಬುದನ್ನು ಮಹಾದೇವಿ ತೀರ್ಮಾನಿಸುತ್ತಾಳೆ. ಅದೇ ಅವಳ ವ್ಯಾಪಾರ. ಅದಕ್ಕೆ ಪುಟದಲ್ಲಿ ಬೇಕಾದದ್ದು ಮಾತು ಬರೆಯಲು ಒಂದು ಖಾಲಿ ಡಬ್ಬಿ. ಅದು ಎಲ್ಲ ಲೈಬ್ರರಿಯಲ್ಲೂ ಇರುತ್ತದೆಂದು ನಾನು ಅದರತ್ತ ನೋಡಿಯೇ ಇರಲಿಲ್ಲ.

ಈಗ ನೋಡಿದೆ. ಹೆಚ್ಚಿನವು ಎರಡು ಸಾಲಿಗೇ ತುಂಬಿ, ಮೊದಲು ಬರೆದದ್ದನ್ನು ಮೇಲಕ್ಕೆ ತಳ್ಳಿ ಮುಚ್ಚಿಡುತ್ತಿದ್ದವು. ಒಂದಂತೂ ಮಾತು ಜಾಸ್ತಿಯಾಯಿತೆಂದು ಕೆಂಪಗಾಗಿ ಗದರಿತು. ಅಷ್ಟೇನೂ ಚಂದವಿಲ್ಲದ ಒಂದು ಲೈಬ್ರರಿಯ ಡಬ್ಬಿ ಮಾತ್ರ ಬರೆದಷ್ಟೂ ಬೆಳೆಯುತ್ತಿತ್ತು. ಬರೆಯುವವರು ನಿಲ್ಲಿಸುವವರೆಗೆ ಜಾಗ ಮಾಡಿಕೊಡುತ್ತಲೇ ಇತ್ತು. ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ಯಾರೂ ಚಹಾ ಕುಡಿಸದೆ, ನಿಂತ ಕಾಲಲ್ಲಿ ಆರಿಸಿಕೊಂಡೆ.

ಕೆಳಗಿನ ಬಟನ್ನಿನ ಮೇಲೆ ‘ದರಖಾಸ್ತು ಸಲ್ಲಿಸಿ’ ಎಂದು ಹಾಕೋಣವೇ ಎಂದು ಚೇಷ್ಟೆ ಮಾಡಿದೆ. ‘ಹೇಳಿದ್ದೇನೆ’ ಎಂದು ಹಾಕಿದರೆ ಸಾಕು ಎಂದಳು. ಹಾಗೇ ಹಾಕಿದೆ. ಯಾರೇ ಅದನ್ನು ಒತ್ತಲಿ, ಮಹಾದೇವಿಯ ಹೆಸರಿನಲ್ಲಿ ತಾನಾಗಿಯೇ ಉತ್ತರ ಹೋಗುವಂತೆ ಮಾಡಿದೆ: ನಿಮ್ಮ ಮಾತು ಪೂರ್ತಿ ಕೇಳಿದ್ದೇವೆ, ನಾಳೆ ಮಧ್ಯಾಹ್ನದೊಳಗೆ ಮುಟ್ಟಿಸುತ್ತೇವೆ.

ಭೋಗಿಗೆ ಇನ್ನೂ ವಾರವಿತ್ತು. ಊರಿಗೆ ತಿಳಿಸುವ ಮೊದಲು ಒಮ್ಮೆ ಬರೆದು ನೋಡು ಎಂದು ಅವಳ ಫೋನಿಗೆ ಕಳಿಸಿ, ನನ್ನ ಕೋಣೆಯಲ್ಲಿ ಕಾದು ಕೂತೆ. ಅಡುಗೆಮನೆಯಲ್ಲಿ ಬಹಳ ಹೊತ್ತು ರೊಟ್ಟಿ ಬಡಿಯುವ ಸದ್ದೇ ಇರಲಿಲ್ಲ. ಆಮೇಲೆ ಬಂತು ಮೊದಲ ಆರ್ಡರು.

“ಉಣ್ಣೋರು ಇಬ್ಬರು. ರೊಟ್ಟಿ ನಾನಾ ಮಾಡ್ಕೋತೀನಿ. ಒಲಿ ಮ್ಯಾಲಿನ ಹೊಗಿ ಫ್ಯಾನ್ ದಸರಾದಿಂದ ನಿಂತೈತಿ. ಹೇಳಿದಾಗೆಲ್ಲ ನೀವು ಹೂಂ ಅಂದ್ರಿ, ತಲಿ ಎತ್ತಲಿಲ್ಲ. ಕಣ್ಣು ಉರಿತಾವು. ಈ ಡಬ್ಬಿ ಛಲೋ ಐತ್ರೀ, ನಡುವ ಹೂಂ ಅನ್ನಂಗಿಲ್ಲ.”

ನಾಚಿಕೆಯೂ ಆಯಿತು, ನಗುವೂ ಬಂತು. ಸಮಜಾಯಿಷಿ ಹುಡುಕುವಷ್ಟರಲ್ಲಿ ಒಳಗೆ ಅವಳ ಫೋನು ಟಿಂಗ್ ಎಂದಿತು. ಪೂರ್ತಿ ಕೇಳಿದ್ದೇವೆ, ನಾಳೆ ಮಧ್ಯಾಹ್ನದೊಳಗೆ ಮುಟ್ಟಿಸುತ್ತೇವೆ ಎಂಬ ಉತ್ತರ ಹೋಗಿಯೇಬಿಟ್ಟಿತ್ತು. ಅಡುಗೆಮನೆಯಿಂದ ಅವಳ ನಗು ಕೇಳಿಸಿತು.

ಎದ್ದು ಚಪ್ಪಲಿ ಮೆಟ್ಟಿ ಫ್ಯಾನ್ ರಿಪೇರಿಯವನ ಅಂಗಡಿಗೆ ಹೊರಟೆ. ಮಾತು ಹೋದದ್ದು ಅವಳ ಹೆಸರಿನಲ್ಲಿ, ಮೊದಲ ಆರ್ಡರೇ ತಪ್ಪಬಾರದಲ್ಲ.