ಮೊದಲು ನೀವು ಹಾಕಿ

ಮೂವತ್ತು ವರ್ಷ ಕೋರ್ಟಿನ ಶಿರಸ್ತೇದಾರನಾಗಿ ಕಡತಗಳ ಧೂಳು ಕುಡಿದು ನಿವೃತ್ತನಾದ ನನ್ನ ಅಂಗಿಯ ಜೇಬಿನಲ್ಲಿ ಈಚೆಗೆ ಕನ್ನಡಕದ ಜತೆಗೆ ಒಂದು ಆಮೆಯೂ ಇರುತ್ತದೆ. ಗಾಬರಿಯಾಗಬೇಡಿ, ಇಸ್ಪೀಟೆಲೆಯಂಥ ಕಾರ್ಡಿನ ಮೇಲೆ ಕಬ್ಬಿಣದ ಕವಚ ತೊಟ್ಟು, ಇಲ್ಲದ ಕೋರೆಹಲ್ಲು ಕಿರಿದು ನಿಂತ ಚಿತ್ರದ ಆಮೆ. ಈ ಆಟದಲ್ಲಿ ಕಾರ್ಡುಗಳನ್ನು ಆಡುವುದಷ್ಟೇ ಅಲ್ಲ, ಅದಲುಬದಲು ಮಾಡಿಕೊಳ್ಳುವುದೂ ಉಂಟು; ಎರಡು ಬಾವಲಿ, ಒಂದು ಸಿಡಿಲು ಕೊಟ್ಟು ಈ ಆಮೆಯನ್ನು ನಾನು ಸಂಪಾದಿಸಿದ್ದೇನೆ.

"ಪಿಂಚಣಿ ತಿನ್ನುವ ಪ್ರಾಯದಲ್ಲಿ ಎಂತ ಇದು?" ಎಂದಳು ನನ್ನ ಹೆಂಡತಿ.

"ಯುದ್ಧ."

"ಯಾರೊಟ್ಟಿಗೆ?"

"ಉಮ್ಮರ್ ಹಾಜಿಯವರೊಟ್ಟಿಗೆ" ಎಂದೆ. ಅವಳು ನಗಲಿಲ್ಲ.

ಯಾಕೆ ನಗಲಿಲ್ಲ ಎಂಬುದಕ್ಕೆ ಕಳೆದ ವರ್ಷ ನಡೆದ ನಮ್ಮ ಮಗಳ ಮದುವೆಯ ಪೂರ್ವೇತಿಹಾಸವನ್ನು ತಾವು ಕೇಳಬೇಕು. ನಮ್ಮ ಸೀಮೆಯಲ್ಲಿ ಕಾಗದ ಅಚ್ಚು ಹಾಕಿಸಿದ ಮಾತ್ರಕ್ಕೆ ಮದುವೆಗೆ ಕರೆದಂತಾಗುವುದಿಲ್ಲ. ಗಂಡಹೆಂಡಿರಿಬ್ಬರೂ ಮನೆಗೆ ಹೋಗಿ, ಕೂತು, ಕೊಟ್ಟ ಶರಬತ್ತು ಕುಡಿದು, "ಎಲ್ಲರೂ ಬರಬೇಕು" ಎಂದು ಬಾಯಿಬಿಟ್ಟು ಹೇಳಿದರೇ ಆ ಕಾಗದಕ್ಕೆ ಪ್ರಾಣಪ್ರತಿಷ್ಠೆ. ಪುತ್ತೂರಿನಿಂದ ಕಡಬದವರೆಗೆ ಅಂಥ ಮುನ್ನೂರು ಲೋಟ ಶರಬತ್ತು ಕುಡಿದ ನಾನು, ಸುಳ್ಯ ಪೇಟೆಯಲ್ಲೇ ಇರುವ, ನಲವತ್ತು ವರ್ಷಗಳಿಂದ ಯಾರ ಬಟ್ಟೆ ಅಂಗಡಿಯ ಬೆಂಚನ್ನು ಸವೆಸಿದ್ದೆನೋ ಆ ಉಮ್ಮರ್ ಹಾಜಿಯವರಿಗೆ ಮಾತ್ರ ಕಾಗದವನ್ನು ಮೊಬೈಲಿನಲ್ಲಿ ಕಳಿಸಿದೆ. ತೀರಾ ಹತ್ತಿರದವರು, ಕಡೆಗೆ ಹೋಗಿ ಕರೆದರಾಯಿತು ಎಂದುಕೊಂಡಿದ್ದೆ; ಆ 'ಕಡೆ' ಬರಲೇ ಇಲ್ಲ. ಹಾಜಿಯವರು ಕೈಜೋಡಿಸಿದ ಚಿತ್ರವೊಂದನ್ನು ಮರಳಿ ಕಳಿಸಿದರು, ಮದುವೆಯಲ್ಲಿ ಕಾಣಿಸಲಿಲ್ಲ. ಆಮೇಲೆ ನಾವೇನೂ ಜಗಳವಾಡಲಿಲ್ಲ. ದಾರಿಯಲ್ಲಿ ಸಿಕ್ಕರೆ ನಮ್ಮ ನಡುವೆ ಎಷ್ಟು ವಿನಯ ಬೆಳೆಯಿತೆಂದರೆ, ಮಾತೇ ನಿಂತುಹೋಯಿತು.

ಹೀಗಿರಲು, ಅವರ ಮೊಮ್ಮಗಳು ಫಿದಾ, ಇಂಜಿನಿಯರಿಂಗ್ ಓದುವವಳು, ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಳು. ಬಿದ್ದವರನ್ನು ನೋಡಲು ಹೋಗದಿರುವುದು ಎಂಥ ಮುನಿಸಿಗೂ ಶೋಭಿಸುವುದಿಲ್ಲವಷ್ಟೆ, ಹೋದೆ. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಸಿಂಹಾಸನಾರೂಢಗೊಳಿಸಿ ಕೂತಿದ್ದ ಆಕೆಗೆ ಆಡಲು ಜನ ಬೇಕಿತ್ತು. ನನಗೂ ಹಾಜಿಯವರಿಗೂ ಆಟ ಕಲಿಸಿ, ಮೂರೇ ದಿನದಲ್ಲಿ ಸೋಲಿಸಿ ಸೋಲಿಸಿ ಬೇಸತ್ತು, ನಮ್ಮನ್ನು ಎದುರುಬದುರು ಕೂರಿಸಿ ತಾನು ನ್ಯಾಯಾಧೀಶೆಯಾದಳು. ಅಂದಿನಿಂದ ನಾನು ಪ್ರತಿ ಸಂಜೆ ಆ ಜಗಲಿಗೆ ಹಾಜರು. ಆಮೆ, ಆನೆ, ಮೊಸಳೆಗಳ ಕುರಿತು ಮಾತಾಡಿದೆವು. ಮದುವೆಯ ಕುರಿತು ಇಲ್ಲ.

ಈ ಆಟದ ಮರ್ಮವೆಲ್ಲ ಕಾಲಮಿತಿಯಲ್ಲಿದೆ. ಒಬ್ಬನು ಎದುರಾಳಿಯ ಮೇಲೆ ಬಿದ್ದೆನೆಂದು ಸಾರಿದ ಬಳಿಕ, ಏಟು ಲೆಕ್ಕಕ್ಕೆ ಹತ್ತುವ ಮೊದಲು, ನಡುವೆ ಒಂದು ಚಿಕ್ಕ ಬಿಡುವು. ಕಾದಾಟದ ಕಾರ್ಡುಗಳನ್ನು ಹಾಕಬೇಕಾದದ್ದು ಆಗಲೇ. ಮೊದಲ ಸರದಿ ಏಟು ತಿನ್ನುವವನದು, ಆಮೇಲೆ ಹೊಡೆದವನದು. ಹಾಕಲೊಲ್ಲದವನು 'ಪಾಸ್' ಎನ್ನಬೇಕು. ಬೆನ್ನುಬೆನ್ನಿಗೆ ಇಬ್ಬರೂ ಪಾಸ್ ಎಂದರೆ ಬಾಗಿಲು ಮುಚ್ಚಿತು. ಕೈಯಲ್ಲಿ ಬ್ರಹ್ಮಾಸ್ತ್ರವೇ ಇರಲಿ, ಅದು ಬರಿಯ ರಟ್ಟು.

ಇದೇನು ಮಹಾ ಹೊಸತೇ? ಊಟದ ಪಂಕ್ತಿಯಲ್ಲಿ ಸೌಟು ಬಗ್ಗುವ ಮೊದಲು ಎಲೆಗೆ ಅಂಗೈ ಅಡ್ಡ ಹಿಡಿದವನು ಬದುಕಿದ. ಬಗ್ಗಿದ ಮೇಲೆ "ಸಾಕು, ಸಾಕು" ಎಂದವನು ಪಾಯಸದಲ್ಲಿ ಮುಳುಗಿದ. ಎದುರಾಳಿಯ ಬಾಯಿ ಮುಚ್ಚಿಸುವ ಉತ್ತರವಂತೂ ನಮಗೆಲ್ಲ ಹೊಳೆಯುವುದು ಮನೆಗೆ ಬಂದು ಕಾಲು ತೊಳೆಯುವಾಗ. ವಾಯಿದೆ ಮೀರಿದ ಅರ್ಜಿಗಳನ್ನು ಹಿಂದಿರುಗಿಸುವುದರಲ್ಲೇ ಆಯುಷ್ಯ ಕಳೆದ ನನಗೆ ಈ ನಿಯಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಎಂದು ತಿಳಿದಿದ್ದೆ.

ಮೊನ್ನೆ ಹಾಜಿಯವರ ಮೊಸಳೆ ನನ್ನ ಆನೆಯ ಮೇಲೆ ಬಿತ್ತು. ನನ್ನ ಕೈಯಲ್ಲಿ ಆಮೆಯಿತ್ತು, ಹಾಕಿದ್ದರೆ ಅದರ ಕವಚ ಅಡ್ಡ ಬಂದು ಆನೆ ಉಳಿಯುತ್ತಿತ್ತು. ಆದರೆ ಹಿರಿಯರ ಮನೆಯಲ್ಲಿ ಕೂತು ಮೊದಲು ಕೈ ಮಾಡುವುದು ಹೇಗೆ?

"ಮೊದಲು ನೀವು ಹಾಕಿ, ಹಾಜಿಯವ್ರೆ."

"ಛೆ, ಛೆ, ಮನೆಗೆ ಬಂದವ್ರು ನೀವು. ನೀವು ಹಾಕಿ, ಗೌಡ್ರೆ."

"ಹಾಗೆಲ್ಲ ಹೇಳ್ಲಿಕ್ಕಿಲ್ಲ" ಎಂದಳು ಫಿದಾ. "ಹಾಕದಿದ್ರೆ ಪಾಸ್ ಹೇಳಿ."

"ಹಾಗಾದ್ರೆ ಪಾಸ್" ಎಂದೆ, ಅವರಿಗೆ ದಾರಿ ಬಿಡುವ ಔದಾರ್ಯದಿಂದ.

"ನಂದೂ ಪಾಸ್" ಎಂದರು ಹಾಜಿಯವರು, ಔದಾರ್ಯದಲ್ಲಾದರೂ ನನಗೆ ಸೋಲಬಾರದೆಂದು.

"ಮುಗೀತು. ಆನೆ ಸತ್ತಿತು."

ನಾನು ಆಮೆಯನ್ನು ಎತ್ತಿ ತೋರಿಸಿದೆ. "ಇದು ಇತ್ತಲ್ಲ ಮಾರಾಯ್ತಿ!"

"ಇದ್ದು ಎಂತ ಮಾಡುದು ಗೌಡಜ್ಜ? ಹಾಕುವಾಗ ಹಾಕ್ಬೇಕು."

ಆ ಮಾತು ಆನೆಯನ್ನು ದಾಟಿ ನನಗೇ ತಾಗಿತು. ಇನ್ನೊಂದು ಪಂದ್ಯಕ್ಕೆ ಕಾರ್ಡು ಕಲಸುತ್ತಿದ್ದ ಹಾಜಿಯವರ ಕೈ ನೋಡುತ್ತ, ಹೇಳಿಬಿಟ್ಟೆ: "ಹಾಜಿಯವ್ರೆ, ಮದುವೆಗೆ ನಾನು ಮನೆಗೆ ಬಂದು ಕರೀಬೇಕಿತ್ತು. ತಪ್ಪಾಯ್ತು."

ಅವರು ಕಾರ್ಡುಗಳನ್ನು ಅಂಚಿಗೆ ಅಂಚು ಕೂಡಿಸಿದರು. "ನಾನು ಬಂದಿದ್ದೆ" ಎಂದರು.

"ಎಲ್ಲಿಗೆ?"

"ಹಾಲ್‌ನ ಗೇಟಿನವರೆಗೆ. ಇಸ್ತ್ರಿ ಅಂಗಿ ಹಾಕಿ ಕಾರಲ್ಲೇ ಕೂತಿದ್ದೆ. ನಿಮ್ಮದೊಂದು ಫೋನು ಬಂದ್ರೆ ಇಳಿಯುವ ಅಂತ."

"ನಾನೂ ಫೋನು ಕೈಯಲ್ಲೇ ಹಿಡ್ಕೊಂಡಿದ್ದೆ. ನೀವೇ ಮಾಡ್ತೀರಿ ಅಂತ."

"ಅಲ್ಲಿಯೂ ಇಬ್ರೂ ಪಾಸಾ?" ಎಂದು ಹಣೆ ಚಚ್ಚಿಕೊಂಡಳು ಫಿದಾ.

"ಇನ್ನು ಎಂತ ಮಾಡ್ಲಿಕ್ಕೆ ಆಗ್ತದೆ, ಬಿಡಿ" ಎಂದರು ಹಾಜಿಯವರು.

ನಾನು ಎದ್ದು ಚಪ್ಪಲಿ ಮೆಟ್ಟಿ ಗೇಟಿನಾಚೆ ಹೋಗಿ ಹೆಂಡತಿಗೆ ಫೋನು ಮಾಡಿದೆ. ಅವಳು ಕಾರಣ ಕೇಳಲಿಲ್ಲ. ಹತ್ತೇ ನಿಮಿಷದಲ್ಲಿ ಒಳ್ಳೆಯ ಸೀರೆಯುಟ್ಟು ರಿಕ್ಷಾದಿಂದ ಇಳಿದಳು, ಒಂದು ವರ್ಷದಿಂದ ಉಟ್ಟೇ ಕಾದಿದ್ದವಳಂತೆ. ಇಬ್ಬರೂ ಗೇಟು ತೆರೆದು, ಆ ಮನೆಗೆ ಅಂದೇ ಮೊದಲು ಬಂದವರಂತೆ ಮೆಟ್ಟಿಲು ಹತ್ತಿದೆವು. ಹಾಜಿಯವರು ಅಷ್ಟರಲ್ಲಿ ಒಳಗೆ ಹೋಗಿ ಟೊಪ್ಪಿ ಇಟ್ಟುಕೊಂಡು ಬಂದಿದ್ದರು. "ಓ! ಎಂತ ಇಬ್ರೂ ಒಟ್ಟಿಗೆ ಬಂದದ್ದು? ಬನ್ನಿ, ಕೂತ್ಕೊಳ್ಳಿ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. ಶರಬತ್ತು ಬಂತು. ಕುಡಿದೆವು.

"ಆದಿತ್ಯವಾರ ಮಗಳು, ಅಳಿಯ ಬರ್ತಾರೆ" ಎಂದಳು ಹೆಂಡತಿ. "ಊಟಕ್ಕೆ ಎಲ್ಲರೂ ಬರಬೇಕು."

"ಎಲ್ಲರೂ ಅಂದ್ರೆ, ಈ ಪ್ಲಾಸ್ಟರನ್ನು ಕಾರಿಂದ ಇಳಿಸುದು ಯಾರು?"

ಹಾಜಿಯವರು ಕೇಳಿ ಮುಗಿಸುವ ಮೊದಲೇ ನಾನೆಂದೆ: "ಗೇಟಿನಲ್ಲೇ ನಿಂತಿರ್ತೇನೆ."