ಶಿಂಷೆಯ ತಳದ ಕರಿಮರಳು

ಮದ್ದೂರಿನ ಕೆಳಗೆ, ಶಿಂಷಾ ಹೊಳೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ಹೊಂಬಾಳಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಕೈಯಲ್ಲಿ ಮರದ ಮರಿಗೆ. ಮರಳನ್ನು ನೀರಿನಲ್ಲಿ ಕುಲುಕಿದಂತೆ ಹಗುರಾದ ಬಿಳಿ ಮರಳು ಹರಿದುಹೋಗುತ್ತದೆ, ಭಾರದ ಕರಿಮರಳು ತಳ ಹಿಡಿಯುತ್ತದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಹರಳು. ರಾಗಿ ಜಾಲಿಸಿ ಪಳಗಿದ ಕೈ ಅದು.

ದಿನಕ್ಕೆ ಮೂವತ್ತು ಮರಿಗೆ ಜಾಲಿಸಿದರೆ ಒಂದು ಪಾವು ಕರಿಮರಳು. ಬೆಂಗಳೂರಿನ ಭೂವಿಜ್ಞಾನಿಯೊಬ್ಬರು ಅದನ್ನು ರೈಲಿನಲ್ಲಿ ಒಯ್ದು, ತಂಜಾವೂರು ಕಡೆಯ ಕಡಲ ಮರಳಿನ ಜೊತೆ ಹೋಲಿಸುತ್ತಾರೆ. ಶಿಂಷೆ ಕಾವೇರಿಗೆ, ಕಾವೇರಿ ಸಮುದ್ರಕ್ಕೆ. ಆ ದಂಡೆಯ ಮರಳು ಎಲ್ಲೆಲ್ಲಿಂದ ಬಂತೆಂದು ಈ ಭಾರದ ಕಾಳುಗಳೇ ಹೇಳಬೇಕು. ಹೋಲಿಕೆಯಿದೆ, ಆದರೆ ಖಚಿತವಿಲ್ಲ ಎನ್ನುತ್ತಾರೆ ಅವರು.

ದಡದಲ್ಲಿ ಎತ್ತು ತೊಳೆಯುತ್ತಿರುವ ಮೈದುನ ಅಂಕಯ್ಯ ಕೂಗುತ್ತಾನೆ: "ಅತ್ಗೆ, ಇವತ್ತಾದ್ರೂ ಸಮುದ್ರ ಸಿಕ್ತಾ?"

"ಸಿಕ್ರೆ ಮೊದ್ಲು ನಿನ್ನೇ ಮುಳುಗುಸ್ತೀನಿ ಕಣ್ಲಾ, ಓಗು!"

ಹೋದ ವರ್ಷ, 1940ರಲ್ಲಿ, ಲೆಕ್ಕ ತಪ್ಪುತ್ತಿತ್ತು. ವಿಜ್ಞಾನಿ ತಾವೇ ಜಾಲಿಸಿದಾಗ ಸಿಗುವಷ್ಟು ಕೆಂಪು ಹರಳು ಇವರ ಚೀಲದಲ್ಲಿ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ದಡದಲ್ಲಿ ಕೂತು ನೋಡಿದರು. ಹೊಂಬಾಳಮ್ಮ ಬಂಡೆಯ ಬುಡದ ಗುಂಡಿಯಿಂದ ಮೊದಲ ಮರಿಗೆ ತುಂಬಿ ಜಾಲಿಸಿದರು. ತಳದಲ್ಲಿ ಉಳಿದ ಕರಿಮರಳನ್ನು ಕಣ್ಣು ಮುಚ್ಚಿ ಹೊಳೆಗೇ ಸುರಿದರು. ಹೊಳೆಯಿಂದ ಏನು ತೆಗೆದರೂ ಮೊದಲ ಹಿಡಿ ಗಂಗಮ್ಮನಿಗೆ, ಕೊಡುವಾಗ ನೋಡಬಾರದು. ಅವರ ಮನೆಯ ರೂಢಿ. ಭಾರದ ಕಾಳು ಹೆಚ್ಚು ಇರುವುದು ಆ ಗುಂಡಿಯಲ್ಲೇ.

ವಿಜ್ಞಾನಿ ಬೈಯಲಿಲ್ಲ. ಹೊಂಬಾಳಮ್ಮ ಮಾತ್ರ ಅಂದು ಊಟ ಮುಟ್ಟಲಿಲ್ಲ. ಕಾರಣ ಬೇರೆ.

ನಾಲ್ಕು ವರ್ಷದ ಹಿಂದೆ ಅವರ ಗಂಡ ಜವರಯ್ಯ ನೆರೆಯಲ್ಲಿ ಎತ್ತು ದಾಟಿಸಲು ಹೋಗಿ ಕೊಚ್ಚಿಹೋದರು. ಹೆಣ ಸಿಗಲಿಲ್ಲ. ಅವರ ಉಡಿದಾರದಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಹನ್ನೊಂದು ಬೆಳ್ಳಿ ಗುಂಡುಗಳಿದ್ದವು. ಭಾರದ್ದು ದೂರ ಹೋಗುವುದಿಲ್ಲ, ಗುಂಡಿಯಲ್ಲಿ ಕೂರುತ್ತದೆ ಎಂದು ವಿಜ್ಞಾನಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಈಕೆ ಈ ಕೆಲಸಕ್ಕೆ ಒಪ್ಪಿದ್ದೇ ಆ ಮಾತಿಗೆ.

"ಒಂದ್ ವರ್ಸ ದಿನಾ ಕಣ್ಮುಚ್ಕೊಂಡು ಸುರ್ದೆ ಕಣಪ್ಪ. ಗುಂಡು ಅದ್ರಲ್ಲೇ ಇತ್ತೋ ಏನೋ. ನನ್ ಕೈಯಾರೆ ಕೊಟ್ಬುಟ್ನೋ ಏನೋ," ಎನ್ನುತ್ತಾರೆ.

ತಿಥಿ ಇನ್ನೂ ಆಗಿಲ್ಲ. ಬಳೆಯೂ ಕೈಯಲ್ಲೇ ಇದೆ. ಅಂಕಯ್ಯ ಈಗ ದಡದಿಂದ ತಗ್ಗಿದ ದನಿಯಲ್ಲಿ ಹೇಳುತ್ತಾನೆ: "ಸಾಕು ಬುಡು ಅತ್ಗೆ. ಅಣ್ಣನ್ನ ಕಳ್ಸಿಕೊಡಣ."

"ಒಂದೇ ಒಂದು ಗುಂಡು ಸಿಕ್ಬುಡ್ಲಿ. ಬಳೆ ನಾನೇ ಬಿಚ್ಚಿಡ್ತೀನಿ, ಯಾರೂ ಯೋಳ್ಬ್ಯಾಡಿ."

ಈಗ ಮೊದಲ ಮರಿಗೆಯನ್ನು ಹೊಳೆಗೆ ಕೊಡುವುದಿಲ್ಲ. ಮುತ್ತುಗದ ಎಲೆಯ ಮೇಲೆ ಹರಡಿ, ಬೆರಳ ತುದಿಯಿಂದ ಕಾಳು ಕಾಳೂ ಸರಿಸಿ ನೋಡುತ್ತಾರೆ. ಕಪ್ಪು, ಕಪ್ಪು. ಏನೋ ಮಿನುಗುತ್ತದೆ. ಬೆರಳು ನಿಲ್ಲುತ್ತದೆ. ಬಿಸಿಲಿಗೆ ಹಿಡಿದರೆ ಕೆಂಪು ಹರಳು.

"ಇದು ಸಾಯೇಬ್ರುದು," ಎಂದು ವಿಜ್ಞಾನಿಯ ಚೀಲಕ್ಕೆ ಹಾಕಿ, ಮರಿಗೆ ಎತ್ತಿಕೊಂಡು ಮತ್ತೆ ನೀರಿಗಿಳಿಯುತ್ತಾರೆ.