ಟ್ಯಾಂಕರ್ ನೀರು ಮತ್ತು ಮೀಸೆಯ ಮೀನುಗಳು

"ಅಪ್ಪಾ, ಎಲ್ಲಾ ಮೇಲಕ್ಕೆ ಬಂದ್ಬಿಟ್ಟಿವೆ. ಬೇಗ ಬಾ."

ಮಗಳು ನಿಧಿಯ ದನಿ ಕೇಳಿ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದೆ. ಕಳೆದ ಶನಿವಾರ ಬೆಳಿಗ್ಗೆ, ಬ್ರೂಕ್‌ಫೀಲ್ಡಿನ ನಮ್ಮ ಫ್ಲಾಟಿನಲ್ಲಿ ನಡೆದದ್ದು ಇದು.

ಅವಳ ಅಕ್ವೇರಿಯಂನಲ್ಲಿರುವುದು ಕೋರಿಗಳು. ಹೆಬ್ಬೆರಳುದ್ದದ, ಮೀಸೆಯಿರುವ ಪುಟ್ಟ ಕ್ಯಾಟ್‌ಫಿಶ್. ತೊಟ್ಟಿಯ ತಳದಲ್ಲೇ ಇವುಗಳ ಸಂಸಾರ. ಮರಳು ಕೆದಕುತ್ತಾ ಒಂದು ಎತ್ತ ಹೊರಟರೆ ಉಳಿದವೂ ಅತ್ತಲೇ. ಒಂಟಿಯಾಗಿ ಬಿಟ್ಟರೆ ಹೆದರಿ ಮೂಲೆ ಸೇರುತ್ತವಂತೆ. ಅದಕ್ಕೇ ಏಳು ತಂದಿದ್ದಳು. ಮೀಸೆ ಸವೆಯಬಾರದೆಂದು ಚೂಪು ಕಲ್ಲು ತೆಗೆಸಿ, ನಯವಾದ ಮರಳು ಹಾಕಿಸಿದ್ದಳು. (ಒಂಬತ್ತನೇ ಕ್ಲಾಸಿನ ಹುಡುಗಿ. ತನ್ನ ಹಾಸಿಗೆ ಬಗ್ಗೆ ಅವಳಿಗೆ ಇಷ್ಟು ಕಾಳಜಿ ಇದ್ದದ್ದನ್ನು ನಾನು ಕಂಡಿಲ್ಲ.)

ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಹೋಗುವುದು ಕೋರಿಗಳ ಅಭ್ಯಾಸ. ಅವತ್ತು ಬಂದವು ಕೆಳಗಿಳಿಯಲೇ ಇಲ್ಲ. ಏಳೂ ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆಯುತ್ತಾ ಏದುಸಿರು ಬಿಡುತ್ತಿದ್ದವು.

ನಿಧಿ ಆಗಷ್ಟೇ ವಾರದ ವಾಡಿಕೆಯಂತೆ ತೊಟ್ಟಿಯ ಸ್ವಲ್ಪ ನೀರು ತೆಗೆದು ಹೊಸ ನೀರು ತುಂಬಿದ್ದಳು. ಕ್ಲೋರಿನ್ ತೆಗೆಯುವ ಹನಿಗಳನ್ನೂ ಹಾಕಿದ್ದಳು. ಯಾವಾಗಲೂ ಹಾಕುವಷ್ಟೇ ಹಾಕಿದ್ದೇನೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನೇ ಏನೋ ತಪ್ಪು ಮಾಡಿದೆನೇನೋ ಎಂಬ ಭಯ ಅವಳ ಮುಖದಲ್ಲಿತ್ತು.

ಹೆಂಡತಿ ಸುಮಾ ನಲ್ಲಿಯಿಂದ ಒಂದು ಮಗ್ ನೀರು ಹಿಡಿದು ನನ್ನ ಮೂಗಿನ ಹತ್ತಿರ ತಂದಳು. ಸ್ವಿಮ್ಮಿಂಗ್ ಪೂಲ್ ವಾಸನೆ! ಸ್ನಾನ ಮಾಡುವಾಗ ನನಗೂ ಅದು ಬಡಿದಿತ್ತು. ಆದರೆ ಸ್ನಾನದ ನೀರನ್ನು ಮೂಸಿ ಯೋಚಿಸುವಷ್ಟು ಪುರುಸೊತ್ತು ಯಾರಿಗಿದೆ?

ಇಷ್ಟು ಕ್ಲೋರಿನ್‌ಗೆ ಇನ್ನಷ್ಟು ಹನಿ ಬೇಕಿತ್ತು, ಬಾಟಲಿ ಖಾಲಿಯಾಗಿತ್ತು. ಸ್ಕೂಟರ್ ಹತ್ತಿ ಕುಂದಲಹಳ್ಳಿಯ ಮೀನಿನ ಅಂಗಡಿಗೆ ಓಡಿದೆ. ಬಾಟಲಿ ಸಿಕ್ಕಿತು, ವಾಪಸ್ ಬರುವ ದಾರಿ ಸಿಗಲಿಲ್ಲ. ಸಿಗ್ನಲ್‌ನಲ್ಲಿ ಬಸ್ಸು, ಕ್ಯಾಬು, ಸಿಮೆಂಟ್ ಲಾರಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಗಲೇ ಫೋನ್ ಬಂತು.

"ಅಪ್ಪಾ, ದೊಡ್ಡದು ಮಗುಚಿಕೊಂಡಿದೆ."

ಬರ್ತಿದೀನಿ ಪುಟ್ಟಾ ಅಂದೆ. ಸ್ಕೂಟರ್ ಮಾತ್ರ ಒಂದಿಂಚೂ ಅಲ್ಲಾಡಲಿಲ್ಲ.

ಮನೆ ತಲುಪುವಷ್ಟರಲ್ಲಿ ತಾಯಿ ಮಗಳು ಸೇರಿ ತೊಟ್ಟಿಯ ನೀರನ್ನು ಒಂದಿಷ್ಟು ಹೊರತೆಗೆದು, ಕುಡಿಯುವ ನೀರಿನ ಕ್ಯಾನಿನಿಂದ ಲೋಟ ಲೋಟವಾಗಿ ಸುರಿಯುತ್ತಿದ್ದರು. ನಾನು ತಂದ ಹನಿಗಳು ಬಿದ್ದವು. ಗಾಳಿಯ ಪಂಪ್ ಬುಸುಗುಡುತ್ತಿತ್ತು. ಮೂವರೂ ನೆಲದ ಮೇಲೆ ಕೂತು ಗಾಜು ನೋಡಿದೆವು.

ಬಹಳ ಹೊತ್ತಿನ ಮೇಲೆ ಒಂದು ತಳಕ್ಕಿಳಿಯಿತು. ಅದರ ಹಿಂದೆ ಇನ್ನೊಂದು. ಕೊನೆಗೆ ಆರೂ ಕೆಳಗೆ ಸೇರಿದವು. ದೊಡ್ಡದು ಉಳಿಯಲಿಲ್ಲ. ನಿಧಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಲ್ಕನಿಗೆ ಹೋದಳು. ನಾವು ಹಿಂದೆ ಹೋಗಲಿಲ್ಲ.

ನಾನು ಸೀದಾ ಅಸೋಸಿಯೇಷನ್ ಆಫೀಸಿಗೆ ಇಳಿದೆ. ಸೆಕ್ರೆಟರಿ ಒಳ್ಳೆಯ ಮನುಷ್ಯರೇ. ಹೊಸ ಟ್ಯಾಂಕರ್ ನೀರು ಕೆಟ್ಟ ವಾಸನೆ ಬರುತ್ತಿತ್ತಂತೆ. ವಾಪಸ್ ಕಳಿಸಿದರೆ ಇಡೀ ಅಪಾರ್ಟ್‌ಮೆಂಟಿಗೆ ನೀರಿಲ್ಲ. ಹಾಗಾಗಿ ನೆಲದಡಿಯ ಸಂಪ್ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿಸಿದ್ದರು. ಎಷ್ಟು ಜಾಸ್ತಿ ಎಂದು ಕೇಳಿದೆ. ಅಳತೆ ಯಾರೂ ಮಾಡಿರಲಿಲ್ಲ.

"ಮೀನು ಸೂಕ್ಷ್ಮ ಸಾರ್. ಮನುಷ್ಯರಿಗೇನೂ ಆಗಲ್ಲ ಬಿಡಿ," ಅಂದರು.

ಬಾಗಿಲಲ್ಲಿ ಎರಡನೇ ಮಹಡಿಯ ತಾಯಿಯೊಬ್ಬಳು ಮೆಂಟೆನೆನ್ಸ್ ವಿಷಯ ಮಾತಾಡಲು ಕಾದು ನಿಂತಿದ್ದಳು. ಕಂಕುಳಲ್ಲಿ ಕೂಸು. ಅವಳು ಮೆಲ್ಲಗೆ ಕೂಸಿನ ಅಂಗಿ ಎತ್ತಿದಳು. ಬೆನ್ನೆಲ್ಲ ಕೆಂಪು.

"ಬೆಳಿಗ್ಗೆ ಸ್ನಾನ ಮಾಡಿಸಿದಾಗಿಂದ ಹಿಂಗೇ ಇದೆ ಸಾರ್. ನಾನು ಹೊಸ ಸೋಪಿಂದ ಅಂದ್ಕೊಂಡು ಸೋಪ್ ಬಿಸಾಕ್ದೆ."

ಸೆಕ್ರೆಟರಿ ಕುರ್ಚಿಯಿಂದ ಎದ್ದರು. ಆಮೇಲೆ ಯಾರೂ ವಾದ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಂಪ್ ಖಾಲಿ ಮಾಡಿಸಿದರು. ಕೂಸನ್ನು ಡಾಕ್ಟರಿಗೆ ತೋರಿಸಿದ್ದಾಯಿತು, ಈಗ ವಾಸಿಯಾಗುತ್ತಿದೆ.

ನಮ್ಮ ಮನೆಯಲ್ಲಿ ಹೇಳಲು ಮೀನುಗಳಿದ್ದವು. ಮೀನು ಸಾಕದ ಮನೆಗಳಲ್ಲಿ ನೀರು ಕೆಟ್ಟಿದೆ ಅಂತ ಮೊದಲು ಯಾರ ಮೈ ಹೇಳಬೇಕು?